ಮಲಗುವ ಬೆನ್ನು, ಹೊರುವ ಬೆನ್ನು

ಮೊರೊಕ್ಕೊದ ಇಬ್ನ್ ಬತೂತ ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ಆಸ್ಥಾನಕ್ಕೆ ಬಂದದ್ದು 1330ರ ದಶಕದಲ್ಲಿ. ಸುಲ್ತಾನನ ಔದಾರ್ಯವನ್ನೂ ಕ್ರೌರ್ಯವನ್ನೂ ಪುಟಗಟ್ಟಲೆ ವರ್ಣಿಸಿದ ಈ ಪ್ರವಾಸಿ ಒಂದು ಸಾದಾ ವಸ್ತುವಿನ ಮುಂದೆಯೂ ನಿಂತು ನೋಡಿದ. ಅದು ಇಲ್ಲಿಯವರ ಮಂಚ. ತೀರಾ ಹಗುರ, ಒಬ್ಬನೇ ಎತ್ತಿಕೊಂಡು ಹೋಗಬಹುದು, ಪ್ರಯಾಣ ಹೊರಟವರೆಲ್ಲ ತಮ್ಮ ತಮ್ಮ ಮಂಚವನ್ನು ಜೊತೆಗೇ ಒಯ್ಯುತ್ತಾರೆ ಎಂದು ಅವನು ಬರೆದಿಟ್ಟಿದ್ದಾನೆ. ನಾಲ್ಕು ಕಾಲು, ನಾಲ್ಕು ಅಡ್ಡಪಟ್ಟಿ, ನಡುವೆ ರೇಷ್ಮೆ ಅಥವಾ ಹತ್ತಿಯ ಹುರಿಯ ನೇಯ್ಗೆ. ಆ ನೇಯ್ಗೆಯೇ ಬಳುಕುವುದರಿಂದ ಮೆತ್ತಗಾಗಲೆಂದು ಮೇಲೆ ಬೇರೇನನ್ನೂ ಹಾಸಬೇಕಿಲ್ಲ ಎಂಬುದನ್ನೂ ಅವನು ಗಮನಿಸಿದ್ದ. ಸಾವಿರಾರು ಮೈಲಿ ಅಲೆದು, ಕಂಡಕಂಡಲ್ಲಿ ಮಲಗಿ ಎದ್ದ ಮನುಷ್ಯನ ಮಾತಿದು. ಮಂಚದ ವಿಷಯದಲ್ಲಿ ಅವನನ್ನು ನಂಬಬಹುದು.

ಅದೇ ವರ್ಣನೆಯಲ್ಲಿ ಇನ್ನೊಂದು ವಿವರವಿದೆ. ಪ್ರಯಾಣಿಕನ ಮಂಚವನ್ನು ಅವನ ಗುಲಾಮ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ.

ಪಯಣದ ಹಾಸಿಗೆಯ ಚರಿತ್ರೆಯನ್ನು ಎಲ್ಲಿಂದ ಕೆದಕಿದರೂ ಈ ಇಬ್ಬರು ಜೊತೆಯಾಗಿಯೇ ಎದುರಾಗುತ್ತಾರೆ. ಒಬ್ಬ ಮಲಗುವವನು, ಇನ್ನೊಬ್ಬ ಹೊರುವವನು. ಇಂದು ಬೆನ್ನುನೋವಿನವರು ಟೆಂಟಿನಲ್ಲಿ ರಾತ್ರಿ ಕಳೆಯಲು ಹೊರಟಾಗ ಅಂಗಡಿಯಲ್ಲಿ ಎದುರಾಗುವ ತೊಡಕೂ ಮೂಲತಃ ಇದೇ. ಹಗುರವಾದದ್ದನ್ನು ಕೊಂಡರೆ ರಾತ್ರಿ ಬೆನ್ನಿಗೆ ಕಷ್ಟ, ದಪ್ಪದ್ದನ್ನು ಕೊಂಡರೆ ಹಗಲು ಬೆನ್ನಿಗೆ ಕಷ್ಟ. ಹಿಂದಿನ ಕಾಲದಲ್ಲಿ ಆ ಎರಡು ಬೆನ್ನುಗಳು ಬೇರೆ ಬೇರೆ ಮನುಷ್ಯರವಾಗಿದ್ದವು ಎಂಬುದಷ್ಟೇ ವ್ಯತ್ಯಾಸ.

ಉತ್ತರ ಕರ್ನಾಟಕದಲ್ಲಿ ಹೊರಸು ಎಂದು ಕರೆಯುವ ಹಗ್ಗದ ಮಂಚವನ್ನು ಒಮ್ಮೆ ಬಗ್ಗಿ ನೋಡಿದರೆ ಇಬ್ನ್ ಬತೂತನ ಮೆಚ್ಚುಗೆಯ ಗುಟ್ಟು ತಿಳಿಯುತ್ತದೆ. ಮಂಚದ ಉದ್ದಕ್ಕೂ ನೇಯ್ಗೆ ಇರುವುದಿಲ್ಲ. ಕಾಲಿನ ಕಡೆ ಒಂದಷ್ಟು ಜಾಗ ಬಿಟ್ಟು, ನೇಯ್ಗೆಯ ಅಂಚಿಗೂ ಮರದ ಪಟ್ಟಿಗೂ ನಡುವೆ ಒಂದು ಬಿಡಿ ಹಗ್ಗವನ್ನು ಹಿಂದೆ ಮುಂದೆ ಎಳೆದು ಬಿಗಿದಿರುತ್ತಾರೆ. ಮಲಗಿ ಮಲಗಿ ನಡುಭಾಗ ಜೋತುಬಿದ್ದರೆ ಆ ಒಂದು ಹಗ್ಗವನ್ನು ಎಳೆದು ಕಟ್ಟಿದರಾಯಿತು, ಇಡೀ ನೇಯ್ಗೆ ಬಿಗಿಯಾಗುತ್ತದೆ. ತೀರಾ ಬಿಗಿಯೆನಿಸಿದರೆ ಸಡಿಲಿಸಬಹುದು. ಹೆಗಲು ಮತ್ತು ಸೊಂಟ ಒತ್ತಿದಲ್ಲಿ ಹಗ್ಗ ತುಸು ಇಳಿಯುತ್ತದೆ, ನಡುವಿನ ಬಾಗಿದ ಭಾಗವನ್ನು ಕೆಳಗಿನಿಂದ ಆತುಕೊಳ್ಳುತ್ತದೆ. ಮಲಗುವವರ ಮೈತೂಕಕ್ಕೆ ತಕ್ಕಂತೆ ಬಿಗಿ ಹೊಂದಿಸಿಕೊಳ್ಳುವ ಹಾಸಿಗೆ ಎಂದು ಇಂದು ದುಬಾರಿ ಬೆಲೆಗೆ ಮಾರುವ ಗುಣ ಅದರಲ್ಲಿ ಮೊದಲಿನಿಂದಲೂ ಇದೆ.

ಮಡಿಚುವ ಮಂಚದ ವಂಶಾವಳಿ ಇನ್ನೂ ಹಳೆಯದು. 1922ರ ನವೆಂಬರಿನಲ್ಲಿ ಹೊವಾರ್ಡ್ ಕಾರ್ಟರ್ ಈಜಿಪ್ಟಿನ ದೊರೆ ತುತಾಂಖಾಮುನನ ಗೋರಿಯ ಬಾಗಿಲು ತೆರೆದಾಗ, ಚಿನ್ನದ ಹೊಳಪಿನ ನಡುವೆ ಬಿಳಿ ಬಣ್ಣ ಬಳಿದ ಮರದ ಮಂಚವೊಂದು ಮೂರು ಮಡಿಕೆಯಾಗಿ ನಿಂತಿತ್ತು. ಲೋಹದ ತಿರುಗಣಿಗಳು, ಸಿಂಹಪಾದದ ಕಾಲುಗಳು, ನಾರಗಸೆ ಹುರಿಯ ನೇಯ್ಗೆ. ಎರಡು ಕಡೆ ಮಡಿಚಿದರೆ ತನ್ನ ಮೇಲೆ ತಾನೇ ಕುಳಿತುಕೊಳ್ಳುವ ಈ ಮಂಚಕ್ಕೆ ಮೂರು ಸಾವಿರದ ಮುನ್ನೂರು ವರ್ಷಗಳಿಗೂ ಮೀರಿದ ವಯಸ್ಸು. ಹರೆಯದಲ್ಲೇ ತೀರಿಕೊಂಡ ಆ ದೊರೆಯ ಗೋರಿಯಲ್ಲಿ ಸುಮಾರು 130 ಊರುಗೋಲುಗಳೂ ಸಿಕ್ಕಿವೆ. ಅವನ ಶವವನ್ನು ಸ್ಕ್ಯಾನ್ ಮಾಡಿ ನೋಡಿದ ತಂಡ, ಎಡಪಾದದಲ್ಲಿ ಊನವಿತ್ತೆಂದು 2010ರಲ್ಲಿ ಹೇಳಿತು. ಎಲ್ಲ ತಜ್ಞರೂ ಅದನ್ನು ಒಪ್ಪಿಲ್ಲ. ಆದರೂ ಆ ಕೋಲುಗಳ ಪಕ್ಕದಲ್ಲಿ ಆ ಮಂಚವನ್ನು ನೆನೆದರೆ, ನೋವಿರುವ ದೇಹವೊಂದು ಬೇಟೆಗೋ ಯಾತ್ರೆಗೋ ಹೊರಡಲು ಪಟ್ಟ ಆಸೆ ಕಣ್ಣಿಗೆ ಕಟ್ಟುತ್ತದೆ. ಹೊತ್ತವರ ಹೆಸರು ಮಾತ್ರ ಯಾವ ಗೋಡೆಯ ಮೇಲೂ ಇಲ್ಲ.

ಯುರೋಪಿನಲ್ಲಿ ದಂಡಿನ ಮಂಚವನ್ನು ಕಬ್ಬಿಣಕ್ಕೆ ತಿರುಗಿಸಿದವರಲ್ಲಿ ಮುಖ್ಯನಾದವನು ಪ್ಯಾರಿಸಿನ ಬೀಗದ ಕೆಲಸಗಾರ ದೆಸೂಶ್. ಅವನು ನೆಪೋಲಿಯನ್ನನಿಗೆ ಮಾಡಿಕೊಟ್ಟ ಮಂಚ ಕೊಡೆಯ ಹಾಗೆ ಮಡಿಚಿಕೊಂಡು ಚರ್ಮದ ಚೀಲ ಸೇರುತ್ತಿತ್ತು. ಬಿಚ್ಚಿದರೆ ಕಬ್ಬಿಣದ ಚೌಕಟ್ಟು, ಬಿಗಿದು ಕಟ್ಟಿದ ಪಟ್ಟೆಪಟ್ಟೆ ದಪ್ಪಬಟ್ಟೆ, ಕಾಲಿಗೆ ಪುಟ್ಟ ಗಾಲಿ. ಚಕ್ರವರ್ತಿಗೆ ಅದು ಎಷ್ಟು ಒಗ್ಗಿಹೋಯಿತೆಂದರೆ ಸೇಂಟ್ ಹೆಲೀನಾ ದ್ವೀಪದ ಸೆರೆವಾಸದಲ್ಲೂ ಅಂಥ ಎರಡು ಮಂಚಗಳನ್ನು ಇಟ್ಟುಕೊಂಡು, ನಿದ್ದೆ ಬಾರದ ರಾತ್ರಿಗಳಲ್ಲಿ ಒಂದರಿಂದ ಎದ್ದು ಇನ್ನೊಂದಕ್ಕೆ ಹೋಗುತ್ತಿದ್ದ. 1821ರ ಮೇ 5ರಂದು ಅವನು ಪ್ರಾಣ ಬಿಟ್ಟದ್ದೂ ದಂಡಿನ ಮಂಚದ ಮೇಲೆಯೇ.

ಅವನನ್ನು ವಾಟರ್‌ಲೂನಲ್ಲಿ ಸೋಲಿಸಿದ ವೆಲಿಂಗ್ಟನ್ನನೂ ಅಂಥದ್ದೇ ಹಾಸಿಗೆಯ ಮನುಷ್ಯ. ಇಂಗ್ಲೆಂಡಿನ ವಾಮರ್ ಕೋಟೆಯಲ್ಲಿ ಅವನು 1852ರಲ್ಲಿ ತೀರಿಕೊಂಡ ಕೋಣೆಯನ್ನು ಇಂದಿಗೂ ತೋರಿಸುತ್ತಾರೆ. ಡ್ಯೂಕ್ ಪದವಿಯವನ ಮಂಚ ಅದೆಂದು ಹೇಳಿದರೆ ನಂಬುವುದು ಕಷ್ಟ, ಅಷ್ಟು ಕಿರಿದು, ಅಷ್ಟು ಸಾದಾ. ಅದರ ಮೇಲೆ ಕುದುರೆ ಕೂದಲು ತುಂಬಿದ ತೆಳ್ಳನೆಯ ಹಾಸಿಗೆ.

ಡೇರೆಯಲ್ಲಿ ಮಲಗುವ ಈ ಅಭ್ಯಾಸ ಅವನಲ್ಲಿ ಗಟ್ಟಿಯಾಗುತ್ತ ಬಂದ ವರ್ಷಗಳಲ್ಲಿ ಒಂದಷ್ಟು ಕನ್ನಡನಾಡಿನವು. 1799ರ ಮೇ 4ರಂದು ಟಿಪ್ಪು ಮಡಿದು ಶ್ರೀರಂಗಪಟ್ಟಣ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ ಅಲ್ಲಿನ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಮುಂದಿನ ವೆಲಿಂಗ್ಟನ್. ಪಟ್ಟಣದಲ್ಲಿದ್ದಾಗ ದರಿಯಾ ದೌಲತ್ ಅರಮನೆ ಅವನ ಬಿಡಾರ. ಮರುವರ್ಷ ಬಂಡಾಯಗಾರ ಧೋಂಡಿಯ ವಾಘನ ಬೆನ್ನು ಹತ್ತಿ ತುಂಗಭದ್ರೆ ದಾಟಿ, ಮಲಪ್ರಭೆಯ ದಡದವರೆಗೆ ಹೋಗಿ, ಸೆಪ್ಟೆಂಬರ್ 10ರಂದು ಕೋನಗಲ್ಲಿನ ಬಳಿ ಅವನನ್ನು ಮುಗಿಸುವವರೆಗೆ ತಿಂಗಳುಗಟ್ಟಲೆ ಡೇರೆಯಲ್ಲೇ ವಾಸ. ಆ ಕಾಲದ ದಂಡು ಹೊರಟಿತೆಂದರೆ ಒಂದು ಊರೇ ಎದ್ದು ನಡೆದಂತೆ. ಅಧಿಕಾರಿಗಳು ತಮ್ಮ ಡೇರೆ, ಮೇಜು, ಕುರ್ಚಿ, ಮಂಚಗಳನ್ನು ತಾವೇ ಕೊಂಡು ಹೊರಿಸಿಕೊಂಡು ಹೋಗಬೇಕಿತ್ತು. ಇದಕ್ಕೆಂದೇ ಲಂಡನ್ನಿನಲ್ಲಿ ಬಿಚ್ಚಿ ಜೋಡಿಸುವ ಪೀಠೋಪಕರಣಗಳ ಅಂಗಡಿಗಳು ಹುಟ್ಟಿಕೊಂಡಿದ್ದವು. ತಿರುಪು ತೆಗೆದರೆ ಮಂಚ ನಾಲ್ಕಾರು ತುಂಡು, ಆ ತುಂಡುಗಳು ಪೆಟ್ಟಿಗೆಗೆ, ಪೆಟ್ಟಿಗೆ ಎತ್ತಿನ ಬೆನ್ನಿಗೆ.

ಆ ಎತ್ತುಗಳು ಮೈಸೂರಿನವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯಾಗಿ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ಅರಮನೆಯ ದನಗಳ ಇಲಾಖೆಯದು. ತೋಪನ್ನಾಗಲಿ ಡೇರೆಯನ್ನಾಗಲಿ ಚುರುಕಾಗಿ ಎಳೆದು ನಡೆಯುವುದರಲ್ಲಿ ಅವುಗಳಿಗೆ ಸಾಟಿ ಇರಲಿಲ್ಲ. ಮುಂದೆ ಸ್ಪೇನ್-ಪೋರ್ಚುಗಲ್ಲಿನ ಯುದ್ಧದಲ್ಲಿ ಸಾಗಾಟಕ್ಕೆ ಪರದಾಡುವಾಗ ವೆಲಿಂಗ್ಟನ್ ಈ ಎತ್ತುಗಳನ್ನು ನೆನೆದು ಹಂಬಲಿಸಿದನೆಂದು ಅಮೃತ ಮಹಲಿನ ಚರಿತ್ರೆ ಬರೆದವರು ಹೇಳುತ್ತಾರೆ. ಎತ್ತು ಹೋಗದ ಕಡೆ, ಘಟ್ಟದ ದಾರಿಯಲ್ಲಿ, ಮಂಚ ಮನುಷ್ಯರ ತಲೆಗೇರುತ್ತಿತ್ತು. ಇಬ್ನ್ ಬತೂತ ಹೊನ್ನಾವರ, ಮಂಗಳೂರುಗಳನ್ನು ಹಾದು ಮಲಬಾರಿಗೆ ಹೋದಾಗಲೂ ಕಂಡದ್ದು ಅದನ್ನೇ. ಆ ಸೀಮೆಯಲ್ಲಿ ವರ್ತಕರ ಸರಕೆಲ್ಲ ಕೂಲಿಯವರ ಬೆನ್ನ ಮೇಲೆ, ಸಿರಿವಂತರು ಕೂಲಿಯವರ ಹೆಗಲ ಮೇಲಿನ ಪಲ್ಲಕ್ಕಿಯಲ್ಲಿ.

ಆದರೆ ಇದೇ ನಾಡಿನಲ್ಲಿ ಹೊರುವವನೂ ಮಲಗುವವನೂ ಒಬ್ಬನೇ ಆಗಿದ್ದ ಇನ್ನೊಂದು ಪರಂಪರೆಯೂ ಇತ್ತು, ಈಗಲೂ ಇದೆ. ಕುರಿ ಹಿಂಡಿನ ಹಿಂದೆ ಬೆಳಗಾವಿ, ಬಾಗಲಕೋಟೆಯ ಸೀಮೆಯಿಂದ ತಿಂಗಳುಗಟ್ಟಲೆ ಊರೂರು ದಾಟುವ ಕುರುಬರು ಹೆಗಲ ಮೇಲೆ ಒಂದು ಕರಿ ಕಂಬಳಿ ಹಾಕಿಕೊಂಡು ಹೊರಡುತ್ತಾರೆ. ದಖ್ಖನಿ ಕುರಿಯ ಒರಟು ಉಣ್ಣೆ ನೂತು, ಗುಂಡಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟು ಬಿರುಸಾಗಿಸಿದ ಕಂಬಳಿ. ಮಳೆ ಬಂದರೆ ಅದೇ ಕೊಪ್ಪೆಯಾಗುತ್ತದೆ, ಬಿಸಿಲಿಗೆ ನೆರಳು, ರಾತ್ರಿಗೆ ಹಾಸಿಗೆ ಮತ್ತು ಹೊದಿಕೆ ಎರಡೂ. ತೋಯ್ದರೂ ಉಣ್ಣೆ ಬೆಚ್ಚಗಿರುತ್ತದೆ, ನೆಲದ ಥಂಡಿ ಮೇಲೇರಲು ಬಿಡುವುದಿಲ್ಲ. ಮೆತ್ತಗಿರುತ್ತದೆಯೇ ಎಂದರೆ ಇಲ್ಲ. ಮೆತ್ತನೆಯದನ್ನು ಹೊತ್ತು ದಿನವಿಡೀ ನಡೆಯಲಾಗದು ಎಂಬ ಲೆಕ್ಕ ಅದರೊಳಗೇ ನೇಯ್ದುಕೊಂಡಿದೆ. ಬೆನ್ನಿಗೆ ಚೀಲ ಕಟ್ಟಿಕೊಂಡು ಬೆಟ್ಟ ಹತ್ತುವವರು ಗ್ರಾಮುಗಳಲ್ಲಿ ಹಾಕುವ ಲೆಕ್ಕವನ್ನು ಚಳ್ಳಕೆರೆಯ ಕಂಬಳಿ ನೇಕಾರರು ಎಂದೋ ಹಾಕಿ ಮುಗಿಸಿದ್ದರು.

ರೈಲು ಬಂದ ಮೇಲೆ ಪಯಣದ ಹಾಸಿಗೆಗೆ ಹೊಸ ರೂಪ ಬಂತು, ಹೊಸ ಹೆಸರೂ ಬಂತು. ಹೋಲ್ಡಾಲು. ದಪ್ಪ ಕ್ಯಾನ್ವಾಸಿನ ಉದ್ದನೆಯ ಚೀಲ, ಎರಡು ತುದಿಗೂ ಜೇಬು, ಒಂದರಲ್ಲಿ ತಲೆದಿಂಬು, ಇನ್ನೊಂದರಲ್ಲಿ ಬಟ್ಟೆಬರೆ, ನಡುವೆ ಸಣ್ಣ ಹಾಸಿಗೆ ಮತ್ತು ಜಮಖಾನ. ಸುರುಳಿ ಸುತ್ತಿ ಚರ್ಮದ ಪಟ್ಟಿ ಬಿಗಿಯುವುದೇ ಒಂದು ಕಸರತ್ತು. ಮನೆಯ ಗಂಡಸೊಬ್ಬರು ಅದರ ಮೇಲೆ ಮಂಡಿಯೂರಿ ಕುಳಿತು ಬಕಲು ಎಳೆಯುವ ದೃಶ್ಯ ಐವತ್ತು ದಾಟಿದ ಅನೇಕರಿಗೆ ನೆನಪಿದೆ. ಸ್ಟೇಷನ್ನಿನಲ್ಲಿ ಕೆಂಪಂಗಿಯ, ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿದ ಕೂಲಿ ಅದನ್ನು ತಲೆಯ ಮೇಲಿಟ್ಟುಕೊಂಡು ಓಡುತ್ತಿದ್ದ. ಮಂಚ ಹೊತ್ತ ಆ ಗುಲಾಮನ ಜಾಗದಲ್ಲಿ ಈಗ ಕೂಲಿ ಪಡೆಯುವವನು, ಹೊರೆ ಮಾತ್ರ ಅದೇ.

ಹಾಸಿಗೆ ಇಲ್ಲದೆ ರೈಲು ಹತ್ತಿದವರ ಪಾಡು ಬೇರೆಯೇ. ಮೂರನೇ ದರ್ಜೆಯ ಬೋಗಿಯಲ್ಲಿ ಇದ್ದದ್ದು ಬರಿಯ ಮರದ ಹಲಗೆ. 1974ರಲ್ಲಿ ಮೂರನೇ ದರ್ಜೆ ಎಂಬ ಹೆಸರು ಹೋಯಿತು, ಹಲಗೆ ಹೋಗಲಿಲ್ಲ. ಅದನ್ನು ಬದಲಿಸಲು ಹೊರಟವರು 1977ರಿಂದ 1979ರವರೆಗೆ ರೈಲ್ವೆ ಮಂತ್ರಿಯಾಗಿದ್ದ ಮಧು ದಂಡವತೆ. ಎರಡನೇ ದರ್ಜೆಯ ಮಲಗುವ ಹಲಗೆಗಳಿಗೆ ಎರಡು ಅಂಗುಲ ದಪ್ಪದ ಫೋಮ್ ಹಾಕಿಸುವ ಕೆಲಸ ಶುರುವಾದದ್ದು ಅವರ ಕಾಲದಲ್ಲಿ. ಸರ್ಕಾರವೊಂದು ಸಾಮಾನ್ಯ ಜನರ ಬೆನ್ನಿನ ಬಗ್ಗೆ ಇಷ್ಟು ನೇರವಾಗಿ ಯೋಚಿಸಿದ ಉದಾಹರಣೆಗಳು ಹೆಚ್ಚು ಸಿಗುವುದಿಲ್ಲ. ಎರಡು ಅಂಗುಲ ಎಂದರೆ ಐದು ಸೆಂಟಿಮೀಟರು. ಮಗ್ಗುಲಾಗಿ ಮಲಗಿದವರ ಸೊಂಟದ ಮೂಳೆ ಹಲಗೆಗೆ ತಾಗದಿರಲು ಹೆಚ್ಚುಕಡಿಮೆ ಬೇಕಾಗುವ ದಪ್ಪ ಅಷ್ಟೇ.

ವಿಚಿತ್ರವೆಂದರೆ, ಪ್ರಯಾಣಿಕರನ್ನು ಹಲಗೆಯಿಂದ ಬಿಡಿಸುವ ಕೆಲಸ ನಡೆಯುತ್ತಿದ್ದ ಅದೇ ಕಾಲದಲ್ಲಿ ವೈದ್ಯರು ಬೆನ್ನುನೋವಿನವರನ್ನು ಹಲಗೆಯ ಮೇಲೆಯೇ ಮಲಗಿಸುತ್ತಿದ್ದರು. ಸೊಂಟ ಹಿಡಿದುಕೊಂಡಿತೆಂದರೆ ಹಾಸಿಗೆ ತೆಗೆಸಿ, ಬರಿ ಹಲಗೆ ಇಲ್ಲವೇ ನೆಲದ ಮೇಲೆ ವಾರಗಟ್ಟಲೆ ಮಲಗಿಸುವುದು ಲೋಕದ ಹಲವು ಕಡೆ ವಾಡಿಕೆಯಾಗಿತ್ತು. ಈ ನಂಬಿಕೆ ಒಂದೊಂದೇ ಪರೀಕ್ಷೆಗೆ ಸಿಕ್ಕಿ ಸಡಿಲವಾಯಿತು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ಮತ್ತು ಸಂಗಡಿಗರು 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಉಳಿದವರಿಗೆ ಏಳು ದಿನ ಮಲಗಿರಲು ಹೇಳಿದರು. ಎರಡು ದಿನದವರು ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳು ಶೇಕಡಾ 45ರಷ್ಟು ಕಡಿಮೆ, ನೋವಿನಲ್ಲಿ ಮಾತ್ರ ಏನೂ ವ್ಯತ್ಯಾಸವಿಲ್ಲ. 1995ರಲ್ಲಿ ಹೆಲ್ಸಿಂಕಿ ನಗರದ 186 ನೌಕರರಲ್ಲಿ ನಡೆದ ಅಧ್ಯಯನ ಇನ್ನೂ ಮುಂದೆ ಹೋಯಿತು. ಮಲಗಿದವರಿಗಿಂತ, ವ್ಯಾಯಾಮ ಮಾಡಿದವರಿಗಿಂತ, ನೋವು ತಡೆದುಕೊಳ್ಳುವಷ್ಟು ಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿದ್ದವರೇ ಬೇಗ ಸುಧಾರಿಸಿದ್ದರು.

ಹಾಸಿಗೆಯನ್ನೇ ಪರೀಕ್ಷೆಗೆ ಒಡ್ಡಿದ್ದು ಸ್ಪೇನಿನ ಫ್ರಾನ್ಸಿಸ್ಕೊ ಕೊವಾಕ್ಸ್ ತಂಡ. ಬಹುಕಾಲದಿಂದ ಸೊಂಟನೋವಿದ್ದ 313 ಮಂದಿಯ ಮನೆಗೆ ಹೊಸ ಹಾಸಿಗೆ ಕಳಿಸಿದರು. ಕೆಲವರಿಗೆ ಗಟ್ಟಿಯದು, ಕೆಲವರಿಗೆ ನಡುಮಟ್ಟದ ಗಟ್ಟಿಯದು. ಯಾರಿಗೆ ಯಾವುದು ಎಂಬುದನ್ನು ಅವರಿಗೆ ಹೇಳಲಿಲ್ಲ. 90 ದಿನ ಕಳೆದ ಮೇಲೆ ನೋಡಿದರೆ, ಮಲಗಿದಾಗಿನ ನೋವು, ಏಳುವಾಗಿನ ನೋವು, ಕೆಲಸಕ್ಕೆ ಬರುವ ಅಡ್ಡಿ ಮೂರರಲ್ಲೂ ನಡುಮಟ್ಟದ ಹಾಸಿಗೆಯವರೇ ಮೇಲು. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಹಲಗೆಯಷ್ಟು ಬಿರುಸಲ್ಲದ, ಜೋಲಿಯಂತೆ ಜೋತುಬೀಳದ ಹಾಸು ಎಂದರೆ ಚೆನ್ನಾಗಿ ಬಿಗಿದ ಹೊರಸು ನೆನಪಾಗದಿರದು.

ಡೇರೆಯ ಹಾಸಿಗೆ ಆ ಹದ ತಲುಪಲು ಒಂದು ಕಂಪನಿಯ ಕಷ್ಟಕಾಲ ಕಾರಣವಾಯಿತು. ಅಮೆರಿಕದ ಸಿಯಾಟಲ್ ನಗರದಲ್ಲಿ 1970ರ ಸುಮಾರಿಗೆ ಬೋಯಿಂಗ್ ವಿಮಾನ ಕಂಪನಿ ಸಾವಿರಾರು ಜನರನ್ನು ಕೆಲಸದಿಂದ ತೆಗೆಯಿತು. ಹಾಗೆ ಕೆಲಸ ಕಳೆದುಕೊಂಡ ಎಂಜಿನಿಯರುಗಳಲ್ಲಿ ಜಿಮ್ ಲೀ ಮತ್ತು ನೀಲ್ ಆಂಡರ್ಸನ್ ಇದ್ದರು. ಇಬ್ಬರಿಗೂ ಬೆಟ್ಟ ಹತ್ತುವ ಹುಚ್ಚು. ಅಷ್ಟು ಹೊತ್ತಿಗೆ ಅಮೆರಿಕದ ಯುವಕರು ತಮ್ಮ ಮನೆಯನ್ನೆಲ್ಲ ತಾವೇ ಬೆನ್ನಿಗೇರಿಸಿಕೊಂಡು ಕಾಡು ಹೊಗುತ್ತಿದ್ದರು, ಕೂಲಿಯೂ ಇಲ್ಲ, ಎತ್ತೂ ಇಲ್ಲ. ಸ್ಪಂಜಿನ ಹಾಸು ಬೆನ್ನಿಗೆ ಹಿತ, ಆದರೆ ಸುತ್ತಿದರೆ ದೊಡ್ಡ ಹೊರೆ. ಗಾಳಿ ಊದುವ ಹಾಸಿಗೆ ಮಡಿಚಿದರೆ ಚಿಕ್ಕದು, ಆದರೆ ಸೊಂಟ ಒತ್ತಿದೊಡನೆ ಗಾಳಿ ಬೇರೆಡೆಗೆ ಓಡಿ ಮೈಯೆಲ್ಲ ತೂಗಾಡುತ್ತದೆ. ತೋಟದ ಕೆಲಸಕ್ಕೆ ಮಂಡಿಯ ಕೆಳಗೆ ಇಟ್ಟುಕೊಳ್ಳುವ ಸ್ಪಂಜಿನ ಮೆತ್ತೆಯಿಂದ ಗಾಳಿ ಹೊರಬರುವುದನ್ನು ಗಮನಿಸಿದ ಲೀಗೆ ಎರಡನ್ನೂ ಕೂಡಿಸುವ ದಾರಿ ಹೊಳೆಯಿತು. ಸ್ಪಂಜಿನ ಮೇಲೆ ಕೆಳಗೆ ಗಾಳಿಯಾಡದ ಬಟ್ಟೆಯನ್ನು ಬೆಸೆದು ಒಂದು ಮೂಲೆಗೆ ಬಿರಡೆ ಇಟ್ಟರೆ? ಬಿಸಿ ಮಾಡಿ ಬೆಸೆಯಲು ಅವರು ಮೊದಲು ಬಳಸಿದ್ದು ಅಡುಗೆಮನೆಯ ಸ್ಯಾಂಡ್‌ವಿಚ್ ಒಲೆ. ಜಾನ್ ಬರೋಸ್ ಎಂಬ ಗೆಳೆಯನೂ ಸೇರಿ 1972ರಲ್ಲಿ ಥರ್ಮ್-ಅ-ರೆಸ್ಟ್ ಹೆಸರಿನ ಹಾಸು ಮಾರುಕಟ್ಟೆಯ ದಾರಿ ಹಿಡಿಯಿತು. ಬಿರಡೆ ತಿರುಗಿಸಿದರೆ ಸ್ಪಂಜು ತಾನೇ ಉಬ್ಬಿ ಗಾಳಿ ಎಳೆದುಕೊಳ್ಳುತ್ತದೆ, ಸುತ್ತಿದರೆ ಗಾಳಿ ಬಿಡುತ್ತದೆ.

ಆ ಬಿರಡೆಯೇ ಬೆನ್ನುನೋವಿನವರ ಪಾಲಿಗೆ ಹೊರಸಿನ ಕಾಲ್ಬದಿಯ ಹಗ್ಗ. ಅನೇಕರು ಹಾಸನ್ನು ಕಲ್ಲಿನಂತೆ ಬಿಗಿಯಾಗುವ ತನಕ ಊದಿ, ಬೆಳಗ್ಗೆ ಸೊಂಟ ಹಿಡಿದುಕೊಂಡು ಏಳುತ್ತಾರೆ. ಪೂರ್ತಿ ಊದಿ, ಮೇಲೆ ಮಲಗಿ, ಸ್ವಲ್ಪ ಸ್ವಲ್ಪವಾಗಿ ಗಾಳಿ ಬಿಡುತ್ತ, ಸೊಂಟ ನೆಲ ಮುಟ್ಟುವ ಮೊದಲು ನಿಲ್ಲಿಸುವುದು ಸರಿಯಾದ ಕ್ರಮ. ಹೀಗೆ ಗಾಳಿ ಬಿಟ್ಟು ಹೊಂದಿಸುವ ಹಾಸಾದರೆ ಮಗ್ಗುಲಾಗಿ ಮಲಗುವವರಿಗೆ ಏಳೆಂಟು ಸೆಂಟಿಮೀಟರು ದಪ್ಪದ್ದೇ ಬೇಕು, ಅಂಗಾತ ಮಲಗಿ ಮಂಡಿಯ ಕೆಳಗೆ ಬಟ್ಟೆಯ ಸುರುಳಿ ಇಟ್ಟುಕೊಳ್ಳುವವರಿಗೆ ತೆಳ್ಳಗಿದ್ದರೂ ನಡೆಯುತ್ತದೆ. ಬೆಟ್ಟದ ಚಳಿಯಲ್ಲಿ ದಪ್ಪವೊಂದೇ ಸಾಲದು. ಮೈಯ ಶಾಖವನ್ನು ನೆಲ ಎಳೆದುಕೊಂಡರೆ ಸ್ನಾಯು ಸೆಟೆದು ನೋವು ಹೆಚ್ಚುತ್ತದೆ, ಆದ್ದರಿಂದ ಹಾಸಿನ ಮೇಲೆ ಬರೆದಿರುವ ಆರ್-ಮೌಲ್ಯವನ್ನೂ ನೋಡಬೇಕು. ಅದು ಹೆಚ್ಚಿದಷ್ಟೂ ಶಾಖ ಉಳಿಯುತ್ತದೆ.

ವಾಹನ ಡೇರೆಯ ಬಾಗಿಲಿಗೇ ಹೋಗುವುದಾದರೆ ಮಡಿಚುವ ಮಂಚಕ್ಕಿಂತ ಒಳ್ಳೆಯದಿಲ್ಲ. ಅದರ ಮುಖ್ಯ ಗುಣ ಮೆತ್ತಗಿರುವುದಲ್ಲ, ಎತ್ತರ. ಸೊಂಟನೋವಿನವರಿಗೆ ರಾತ್ರಿಯ ಅತಿ ಕಷ್ಟದ ಗಳಿಗೆ ನೆಲದಿಂದ ಏಳುವುದು. ಕುರ್ಚಿಯಷ್ಟು, ಅಂದರೆ 40-45 ಸೆಂಟಿಮೀಟರು ಎತ್ತರದ ಮಂಚವಾದರೆ ಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು, ಕೈಯೂರಿ ಕೂತು, ಆಮೇಲೆ ನಿಲ್ಲಬಹುದು. ಮಲೆನಾಡಿನ ಮಳೆಗಾಲದಲ್ಲಾದರೆ ಇಂಬಳದ ಕಾಟದಿಂದಲೂ ಅಷ್ಟು ದೂರ. ಆದರೆ ಕ್ಯಾನ್ವಾಸ್ ಮಂಚ ಹಳೆಯದಾದಂತೆ ನಡುವೆ ಜೋಲುತ್ತದೆ, ಬಿಗಿಯಲು ಹೊರಸಿಗಿರುವಂಥ ಹಗ್ಗ ಅದಕ್ಕಿಲ್ಲ. ಮೇಲೊಂದು ಸ್ಪಂಜಿನ ಹಾಸು ಹಾಕುವುದು ಅನಿವಾರ್ಯ. ಕೊಳ್ಳುವ ಮೊದಲು ಮನೆಯ ನೆಲದ ಮೇಲೆ ಎರಡು ರಾತ್ರಿ ಮಲಗಿ ನೋಡುವ ಅವಕಾಶ ಸಿಕ್ಕರೆ ಬಿಡಬಾರದು. ಅಂಗಡಿಯಲ್ಲಿ ಐದು ನಿಮಿಷ ಮಲಗಿದರೆ ಬೆನ್ನು ಏನನ್ನೂ ಹೇಳುವುದಿಲ್ಲ.

ಹಿಮಾಲಯದ ಚಾರಣಕ್ಕೆ ಹೋಗುವ ಕನ್ನಡಿಗರ ಸಂಖ್ಯೆ ಈಗ ಸಣ್ಣದಲ್ಲ. ಬೆನ್ನುನೋವಿರುವವರು ದಪ್ಪನೆಯ ಹಾಸನ್ನು ಕೊಂಡೊಯ್ಯಲು ಅಲ್ಲಿ ಸುಲಭದ ಉಪಾಯವಿದೆ, ಚೀಲವನ್ನು ಹೇಸರಗತ್ತೆಗೋ ಪೋರ್ಟರಿಗೋ ಒಪ್ಪಿಸುವುದು. ನೇಪಾಳದ ಪೋರ್ಟರುಗಳು ಡೋಕೊ ಎಂಬ ಬುಟ್ಟಿಯನ್ನು ಹಣೆಗೆ ಕಟ್ಟಿದ ಪಟ್ಟಿಯಿಂದ ಇಳಿಬಿಟ್ಟು ಹೊರುತ್ತಾರೆ. ಎವರೆಸ್ಟ್ ದಾರಿಯಲ್ಲಿ ಅವರನ್ನು ತೂಗಿ ನೋಡಿದ ವಿಜ್ಞಾನಿಗಳು 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಪ್ರಕಾರ, ಗಂಡಸರು ಸರಾಸರಿ ತಮ್ಮ ಮೈತೂಕದ ಶೇಕಡಾ 93ರಷ್ಟನ್ನು, ಹೆಂಗಸರು ಶೇಕಡಾ 66ರಷ್ಟನ್ನು ಹೊರುತ್ತಿದ್ದರು. ಪೋರ್ಟರುಗಳ ರಕ್ಷಣೆಗೆಂದು 1997ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಘಟನೆ ಹೊರೆಗೆ ಮಿತಿ ಹಾಕಿತು, ನೇಪಾಳದಲ್ಲಿ 30 ಕೆ.ಜಿ., ಕಿಲಿಮಂಜಾರೊದಲ್ಲಿ 20 ಕೆ.ಜಿ. ಅದು ಚಾರಣ ಕಂಪನಿಗಳಿಗೆ ಕೊಟ್ಟ ಸೂಚನೆಗಳಲ್ಲಿ ಬೆಚ್ಚನೆಯ ಬಟ್ಟೆ, ತಲೆಯ ಮೇಲೊಂದು ಸೂರು, ಕಾಯಿಲೆಗೆ ಚಿಕಿತ್ಸೆ ಇವುಗಳ ಜೊತೆ ಇನ್ನೆರಡು ವಸ್ತುಗಳೂ ಇವೆ. ರಾತ್ರಿ ಪೋರ್ಟರಿಗೆ ಹೊದೆಯಲು ಒಂದು ಒಳ್ಳೆಯ ಕಂಬಳಿ, ಬೆನ್ನ ಕೆಳಗೆ ಒಂದು ಹಾಸು.